ಒಳಕಿವಿಯ ಸಮತೋಲನ ಪರೀಕ್ಷೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಲೆಸುತ್ತು ಕಿವಿಯಿಂದ ಬರುತ್ತಿದೆ ಅಂತಾರೆ. ಮತ್ತೆ ಕಣ್ಣಿಗೆ ಯಾಕೆ ಕ್ಯಾಮೆರಾ ಇಡುತ್ತಾರೆ?

ಒಳಕಿವಿ ತಲೆಬುರುಡೆಯ ತೀರಾ ಗಟ್ಟಿಯಾದ ಮೂಳೆಯೊಳಗೆ ಹುದುಗಿದೆ. ಅದು ಹೇಗೆ ಕೆಲಸ ಮಾಡುತ್ತಿದೆ ಎಂದು ನೇರವಾಗಿ ಅಳೆಯಲು ದಾರಿಯಿಲ್ಲ. ಆದರೆ ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಮೂರೇ ನರಕೋಶಗಳ ಗಿಡ್ಡ ದಾರಿಯೊಂದಿದೆ. ತಲೆ ಎಡಕ್ಕೆ ತಿರುಗಿದರೆ, ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಣ್ಣು ಅಷ್ಟೇ ವೇಗದಲ್ಲಿ ಬಲಕ್ಕೆ ಸರಿಯುತ್ತದೆ. ಈ ಸಾಲನ್ನು ಓದುತ್ತಲೇ ತಲೆಯನ್ನು 'ಇಲ್ಲ' ಎನ್ನುವ ಹಾಗೆ ಬೇಗಬೇಗ ಆಡಿಸಿ ನೋಡಿ, ಅಕ್ಷರ ನಿಂತೇ ಇರುತ್ತದೆ. ಈಗ ತಲೆ ಅಲ್ಲಾಡಿಸದೆ ಫೋನನ್ನೇ ಅಷ್ಟು ವೇಗದಲ್ಲಿ ಆಡಿಸಿ, ಅಕ್ಷರ ಕಲಸಿಹೋಗುತ್ತದೆ. ಮೊದಲ ಸಲ ಅಕ್ಷರವನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಒಳಕಿವಿ.

ಒಂದು ಕಿವಿಯ ಶಕ್ತಿ ಕುಂದಿದಾಗ ಮೆದುಳಿಗೆ ಎರಡು ಕಡೆಯಿಂದ ಬರುವ ಸುದ್ದಿ ತಾಳೆಯಾಗುವುದಿಲ್ಲ. ಕುಳಿತಲ್ಲೇ ಕುಳಿತಿದ್ದರೂ ತಲೆ ತಿರುಗುತ್ತಿದೆ ಎಂದು ಅದು ನಂಬುತ್ತದೆ. ಕಣ್ಣು ಸೋತ ಕಿವಿಯ ಕಡೆಗೆ ನಿಧಾನವಾಗಿ ಜಾರುತ್ತದೆ, ಮತ್ತೆ ತಟ್ಟನೆ ಹಿಂದಕ್ಕೆ ಎಗರುತ್ತದೆ. ಈ ತುಯ್ತಕ್ಕೆ ನಿಸ್ಟಾಗ್ಮಸ್ ಎಂದು ಹೆಸರು. ತಟ್ಟನೆ ಎಗರುವ ದಿಕ್ಕಿಗೆ ಕಣ್ಣು 'ಹೊಡೆಯುತ್ತದೆ' ಎನ್ನುತ್ತಾರೆ. ನಿಧಾನದ ಜಾರುವಿಕೆ ಸೆಕೆಂಡಿಗೆ ಎಷ್ಟು ಡಿಗ್ರಿ ಎಂಬುದನ್ನೇ ಬಹುಪಾಲು ಪರೀಕ್ಷೆಗಳು ಅಳೆಯುತ್ತವೆ. ಎದುರಿಗೆ ಏನಾದರೂ ಕಂಡರೆ ಕಣ್ಣು ಅದನ್ನು ಹಿಡಿದುಕೊಂಡು ತುಯ್ತವನ್ನು ಅಡಗಿಸಿಬಿಡುತ್ತದೆ. ಅದಕ್ಕೇ ಮುಚ್ಚಿದ ಕನ್ನಡಕದ ಕತ್ತಲಲ್ಲಿ, ಇನ್‌ಫ್ರಾರೆಡ್ ಕ್ಯಾಮೆರಾದಿಂದ ರೆಕಾರ್ಡ್ ಮಾಡುವುದು.

ಒಂದೇ ಪರೀಕ್ಷೆ ಸಾಲದೇ?

ಸಾಲದು. ಪ್ರತಿ ಕಿವಿಯಲ್ಲೂ ಸಮತೋಲನದ ಐದು ಅಂಗಗಳಿವೆ. ತಲೆ ತಿರುಗುವುದನ್ನು ಗುರುತಿಸುವ ಮೂರು ಅರೆವೃತ್ತ ನಾಳಗಳು (ಅಡ್ಡ, ಮುಂದಿನ, ಹಿಂದಿನ), ಓಲುವಿಕೆ ಮತ್ತು ನೇರ ಚಲನೆಯನ್ನು ಗುರುತಿಸುವ ಯುಟ್ರಿಕಲ್ ಮತ್ತು ಸ್ಯಾಕ್ಯುಲ್. ಇವುಗಳಿಂದ ಸುದ್ದಿ ಒಯ್ಯುವ ನರಕ್ಕೆ ಎರಡು ಕವಲು. ಅಡ್ಡ ನಾಳ, ಮುಂದಿನ ನಾಳ, ಯುಟ್ರಿಕಲ್ ಇವು ಮೇಲಿನ ಕವಲಿಗೆ ಸೇರುತ್ತವೆ. ಹಿಂದಿನ ನಾಳ ಮತ್ತು ಸ್ಯಾಕ್ಯುಲ್ ಮುಖ್ಯವಾಗಿ ಕೆಳಗಿನ ಕವಲಿಗೆ.

ಕಿವಿಗೆ ಬಿಸಿನೀರು, ತಣ್ಣೀರು ಬಿಡುವ ಕ್ಯಾಲೊರಿಕ್ ಪರೀಕ್ಷೆ ಅಡ್ಡ ನಾಳವನ್ನು ಮಾತ್ರ ನೋಡುತ್ತದೆ, ಅದೂ ತೀರಾ ನಿಧಾನದ ಚಲನೆಯಲ್ಲಿ. ತಲೆಯನ್ನು ತಟ್ಟನೆ ತಿರುಗಿಸಿ ಮಾಡುವ ವಿ-ಹಿಟ್ ಮೂರೂ ನಾಳಗಳನ್ನು ನೋಡುತ್ತದೆ, ಆದರೆ ಮಿಂಚಿನ ವೇಗದಲ್ಲಿ. ಜೋರು ಸದ್ದು ಕೇಳಿಸಿ ಮಾಡುವ ವೆಂಪ್ ಪರೀಕ್ಷೆಗಳು ಸ್ಯಾಕ್ಯುಲ್ ಮತ್ತು ಯುಟ್ರಿಕಲ್‌ಗೆ. ಯಾವುದೋ ಒಂದನ್ನು ಮಾಡಿಸಿ, ನಾರ್ಮಲ್ ಬಂತು ಎಂದು 'ಕಿವಿಯಲ್ಲಿ ಏನೂ ಇಲ್ಲ' ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಒಂದು ಕೋಣೆಯ ದೀಪ ಹಾಕಿ ನೋಡಿ ಮನೆಯಲ್ಲಿ ಯಾರೂ ಇಲ್ಲ ಎಂದ ಹಾಗೆ.

ಪರೀಕ್ಷೆಗೆ ಬರುವ ಮುಂಚೆ ಏನು ಮಾಡಬೇಕು, ಏನು ಬಿಡಬೇಕು?

ಇದು ನಾವು ಅತಿ ಹೆಚ್ಚು ಒತ್ತಿ ಹೇಳುವ ವಿಷಯ. ತಲೆಸುತ್ತನ್ನು ಶಮನ ಮಾಡುವ ಮಾತ್ರೆ, ನಾವು ಅಳೆಯಬೇಕಾದ ಪ್ರತಿಕ್ರಿಯೆಯನ್ನೂ ಶಮನ ಮಾಡುತ್ತದೆ. ಸಿನ್ನರಿಜಿನ್, ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್, ಪ್ರೋಮೆಥಜಿನ್, ಪ್ರೋಕ್ಲೋರ್‌ಪೆರಜಿನ್ ಮುಂತಾದವನ್ನು ಸಾಮಾನ್ಯವಾಗಿ 48 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಮದ್ಯವೂ 48 ಗಂಟೆ ಬೇಡ. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ನಿದ್ದೆ ಬರಿಸುವ ಮಾತ್ರೆಗಳೂ ಇದೇ ಪಟ್ಟಿಗೆ ಸೇರುತ್ತವೆ. ಇದನ್ನು ಬಹಳ ಜನ ಹೇಳುವುದನ್ನೇ ಮರೆಯುತ್ತಾರೆ.

ರಕ್ತದೊತ್ತಡ, ಹೃದಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ಫಿಟ್ಸ್, ಖಿನ್ನತೆಯ ಔಷಧಗಳನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೇಬೇಡಿ. ಡಯಜೆಪಾಮ್, ಕ್ಲೋನಜೆಪಾಮ್, ಅಲ್ಪ್ರಜೋಲಾಮ್‌ಗಳ ವಿಷಯ ಇನ್ನೂ ಸೂಕ್ಷ್ಮ. ಇವೂ ಪರೀಕ್ಷೆಯನ್ನು ಕೆಡಿಸುತ್ತವೆ, ನಿಜ. ಆದರೆ ತಿಂಗಳುಗಟ್ಟಲೆ ದಿನಾ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಬರೆದುಕೊಟ್ಟ ವೈದ್ಯರನ್ನು ಕೇಳಿ. ನಿಲ್ಲಿಸಲಾಗದಿದ್ದರೆ ತೆಗೆದುಕೊಂಡೇ ಬನ್ನಿ, ಆದರೆ ಯಾವ ಮಾತ್ರೆ, ಎಷ್ಟು, ಯಾವಾಗ ನುಂಗಿದ್ದು ಎಂದು ಬರೆದು ತನ್ನಿ. ವರದಿ ಓದುವಾಗ ಅದು ಬೇಕಾಗುತ್ತದೆ.

ಎರಡು-ಮೂರು ಗಂಟೆ ಮುಂಚೆ ಹಗುರಾಗಿ ತಿಂದಿದ್ದರೆ ಸಾಕು. ಹೊಟ್ಟೆ ತುಂಬಿದ್ದರೆ ವಾಂತಿಯಾಗಬಹುದು, ಪೂರ್ತಿ ಖಾಲಿಯಿದ್ದರೂ ವಾಕರಿಕೆ ಹೆಚ್ಚುತ್ತದೆ. ಕಣ್ಣಿಗೆ ಕಾಡಿಗೆ, ಮಸ್ಕಾರಾ ಹಚ್ಚಿಕೊಂಡು ಬರಬೇಡಿ. ಕ್ಯಾಮೆರಾ ಹುಡುಕುವುದು ಕಣ್ಣಿನ ಪಾಪೆಯ ಕಪ್ಪನ್ನು. ರೆಪ್ಪೆಯಂಚಿನ ಕಪ್ಪೂ ಕಂಡರೆ ಅದು ಯಾವುದನ್ನು ಹಿಂಬಾಲಿಸಬೇಕೆಂದು ತಿಳಿಯದೆ ಜಿಗಿದಾಡುತ್ತದೆ, ಗ್ರಾಫಿನಲ್ಲಿ ಇಲ್ಲದ ತುಯ್ತ ಮೂಡುತ್ತದೆ. ಹಿಂದಿನ ದಿನ ಹಚ್ಚಿದ ಕಾಡಿಗೆಯೂ ಉಳಿದಿರುತ್ತದೆ, ಎಣ್ಣೆ ಹಾಕಿ ಒರೆಸಿ, ಮುಖ ತೊಳೆದು ಬನ್ನಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಮೊದಲೇ ತೆಗೆಸಿ.

ಯಂತ್ರಕ್ಕೂ ಮುಂಚೆ ಇಷ್ಟು ಪ್ರಶ್ನೆ ಯಾಕೆ ಕೇಳುತ್ತಾರೆ?

ಯಾಕೆಂದರೆ ಅರ್ಧ ಉತ್ತರ ಅಲ್ಲೇ ಇದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಬಂದು ಹೋಗುವ ಸುತ್ತು ಒಂದು ಬಗೆ. ಕಿವಿ ಗುಂಯ್‌ಗುಟ್ಟಿ, ಕಟ್ಟಿದಂತಾಗಿ, 20 ನಿಮಿಷದಿಂದ ಕೆಲವು ಗಂಟೆ ಕಾಡುವುದು ಇನ್ನೊಂದು, ಅಲ್ಲಿ ಮೆನಿಯರ್ ಕಾಯಿಲೆಯ ಯೋಚನೆ ಬರುತ್ತದೆ. ದಿನಗಟ್ಟಲೆ ಬಿಡದೆ ಸುತ್ತುವುದು ಮತ್ತೊಂದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುವುದಾದರೆ ಮೊದಲು ನೋಡಬೇಕಾದದ್ದು ರಕ್ತದೊತ್ತಡವನ್ನು. 'ತಲೆಸುತ್ತು' ಎಂಬ ಒಂದೇ ಪದದಲ್ಲಿ ಇವೆಲ್ಲ ಅಡಗಿರುತ್ತವೆ. ಎಷ್ಟು ಹೊತ್ತು, ಏನು ಮಾಡಿದಾಗ, ಜೊತೆಗೆ ಇನ್ನೇನು ಎಂಬ ಮೂರನ್ನು ಬರೆದುಕೊಂಡು ಬಂದರೆ ಬಹಳ ಉಪಕಾರ.

ಶ್ರವಣ ಪರೀಕ್ಷೆಯನ್ನೂ ತಪ್ಪಿಸಬೇಡಿ. ಮೆನಿಯರ್ ಕಾಯಿಲೆ ಮೊದಮೊದಲು ತಗ್ಗು ಸ್ವರಗಳ ಕೇಳುವಿಕೆಯನ್ನು ಕುಂದಿಸುತ್ತದೆ. ಒಂದೇ ಕಿವಿಯ ಕೇಳುವಿಕೆ ಕಾರಣವಿಲ್ಲದೆ ತಗ್ಗಿದ್ದರೆ ನರದ ಮೇಲೆ ಗಡ್ಡೆಯಿದೆಯೇ ಎಂದು ಎಂಆರ್‌ಐ ಮಾಡಿಸಿ ನೋಡಬೇಕಾಗುತ್ತದೆ.

ತಟ್ಟನೆ ಮಲಗಿಸುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಏನು?

1952ರಲ್ಲಿ ವಿವರಿಸಲಾದ ಈ ಪರೀಕ್ಷೆಗೆ ಒಂದು ಮಂಚ ಸಾಕು. ಮಗ್ಗುಲು ಬದಲಿಸಿದಾಗ ಸುತ್ತು ಬರಿಸುವ ಬಿಪಿಪಿವಿ ಕಾಯಿಲೆಯಲ್ಲಿ ಯುಟ್ರಿಕಲ್‌ನಲ್ಲಿರಬೇಕಾದ ಸುಣ್ಣದ ಸಣ್ಣ ಹರಳುಗಳು ಕಳಚಿ ಅರೆವೃತ್ತ ನಾಳಕ್ಕೆ, ಹೆಚ್ಚಾಗಿ ಹಿಂದಿನ ನಾಳಕ್ಕೆ, ಸೇರಿಕೊಂಡಿರುತ್ತವೆ. ಅದನ್ನು ಕಂಡುಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹರಳು ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

ಕಾಲು ಚಾಚಿ ಕೂತು, ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸುತ್ತಾರೆ. ತಲೆ ಮಂಚದ ಅಂಚಿನಿಂದ 20 ಡಿಗ್ರಿಯಷ್ಟು ಕೆಳಗೆ ಇಳಿಬಿದ್ದಿರಬೇಕು. ಮಲಗಿದ ತಕ್ಷಣ ಏನೂ ಆಗುವುದಿಲ್ಲ. ಕೆಲವು ಸೆಕೆಂಡು ಕಳೆದ ಮೇಲೆ ಕಣ್ಣು ಮೇಲ್ಮುಖವಾಗಿ, ಕೆಳಗಿರುವ ಕಿವಿಯ ಕಡೆಗೆ ತಿರುಚುತ್ತ ಹೊಡೆಯತೊಡಗುತ್ತದೆ. ಜೋರಾಗಿ, ನಂತರ ತಗ್ಗಿ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಎಬ್ಬಿಸಿ ಕೂರಿಸಿದಾಗ ದಿಕ್ಕು ತಿರುವುಮುರುವಾಗುತ್ತದೆ. ಈ ಚಿತ್ರ ಪೂರ್ತಿ ಕಂಡರೆ ರೋಗನಿರ್ಣಯ ಮುಗಿಯಿತು. ಹರಳನ್ನು ಸ್ವಸ್ಥಾನಕ್ಕೆ ಮರಳಿಸುವ ಎಪ್ಲಿ ವಿಧಾನವನ್ನು ಅದೇ ಮಂಚದ ಮೇಲೆ ಮಾಡಬಹುದು.

ತಪ್ಪುವುದು ಎಲ್ಲಿ? ಹೆದರಿ ಕಣ್ಣು ಮುಚ್ಚಿಕೊಳ್ಳುವುದು ಮೊದಲನೆಯದು. ದಯವಿಟ್ಟು ಕಣ್ಣು ತೆರೆದೇ ಇರಿ, ಆ ಅರ್ಧ ನಿಮಿಷದಲ್ಲೇ ಎಲ್ಲವೂ ಇದೆ. ಏನೂ ಕಾಣಲಿಲ್ಲವೆಂದು ಐದೇ ಸೆಕೆಂಡಿಗೆ ಎಬ್ಬಿಸಿಬಿಡುವುದು ಎರಡನೆಯದು. ಮೇಲಿಂದ ಮೇಲೆ ಮಾಡಿದರೆ ಪ್ರತಿಕ್ರಿಯೆ ದಣಿದು ಮಂಕಾಗುತ್ತದೆ, ಹಾಗಾಗಿ ಮೊದಲ ಸಲವೇ ಸರಿಯಾಗಿ ಆಗಬೇಕು. ಅಡ್ಡ ನಾಳದ ಹರಳು ಇದರಲ್ಲಿ ಸಿಗದೆ ಹೋಗಬಹುದು. ಅದಕ್ಕೆ ಅಂಗಾತ ಮಲಗಿಸಿ ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸುವ ಬೇರೆ ಪರೀಕ್ಷೆಯಿದೆ. ಕಣ್ಣು ನೇರ ಕೆಳಮುಖವಾಗಿ ಹೊಡೆಯುತ್ತ, ನಿಲ್ಲದೆ ಮುಂದುವರಿದರೆ ಕಿವಿಯನ್ನು ಬಿಟ್ಟು ಮೆದುಳಿನ ಕಡೆ ಗಮನ ಹರಿಸಬೇಕು.

ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಕತ್ತಿನ ಮೂಳೆ ಸವೆದಿದ್ದರೆ ಮೊದಲೇ ಹೇಳಿ. ಪಕ್ಕಕ್ಕೆ ಮಲಗಿಸಿ ಮಾಡುವ ರೂಪವೂ ಇದೆ.

ವಿಎನ್‌ಜಿ ಎಂದರೆ?

ಕ್ಯಾಮೆರಾ ಕನ್ನಡಕ ಹಾಕಿ ಮಾಡುವ ಒಂದು ಸರಣಿ. ಚುಕ್ಕೆಯಿಂದ ಚುಕ್ಕೆಗೆ ಕಣ್ಣು ಹಾರಿಸುವುದು, ಚಲಿಸುವ ಚುಕ್ಕೆಯನ್ನು ಹಿಂಬಾಲಿಸುವುದು, ಪಕ್ಕಕ್ಕೆ ನೋಟ ನಿಲ್ಲಿಸುವುದು: ಇವು ಮುಖ್ಯವಾಗಿ ಮೆದುಳಿನ ಪರೀಕ್ಷೆಗಳು. ನಂತರ ಬೇರೆ ಬೇರೆ ಭಂಗಿಗಳು, ಕೊನೆಗೆ ಕ್ಯಾಲೊರಿಕ್. ಶುರುವಿನಲ್ಲಿ ಎಡಬಲ ಚುಕ್ಕೆಗಳನ್ನು ತೋರಿಸಿ ಕ್ಯಾಲಿಬ್ರೇಶನ್ ಮಾಡುತ್ತಾರೆ. ಬೇಸರದಿಂದ ಅಲ್ಲಿ ಕಣ್ಣು ಅರ್ಧದಾರಿಗೆ ನಿಲ್ಲಿಸಿದರೆ ಆಮೇಲಿನ ಪ್ರತಿ ಅಂಕಿಯೂ ಅದೇ ಪ್ರಮಾಣದಲ್ಲಿ ತಪ್ಪಾಗುತ್ತದೆ.

ಕಿವಿಗೆ ಬಿಸಿನೀರು, ತಣ್ಣೀರು ಬಿಡುವ ಕ್ಯಾಲೊರಿಕ್ ಪರೀಕ್ಷೆ ಹೇಗೆ ನಡೆಯುತ್ತದೆ?

ಕಿವಿ ತೊಳೆಯುವಾಗ ನೀರಿನ ಬಿಸಿ ಬದಲಾದರೆ ಕಣ್ಣಿನ ತುಯ್ತದ ದಿಕ್ಕೂ ಬದಲಾಗುತ್ತದೆ ಎಂಬುದನ್ನು ಗಮನಿಸಿ ವಿವರಿಸಿದವರು ರಾಬರ್ಟ್ ಬಾರಾನಿ. ಒಳಕಿವಿಯ ಮೇಲಿನ ಕೆಲಸಕ್ಕಾಗಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಇಂದಿನ ರೂಪವನ್ನು ಫಿಟ್ಜ್‌ಜೆರಾಲ್ಡ್ ಮತ್ತು ಹಾಲ್‌ಪೈಕ್ 1942ರಲ್ಲಿ ಕೊಟ್ಟರು.

ತಲೆಯನ್ನು 30 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ಆಗ ಅಡ್ಡ ನಾಳ ನೆಟ್ಟಗೆ ನಿಲ್ಲುತ್ತದೆ. ಒಂದು ಕಿವಿಗೆ 44 ಡಿಗ್ರಿ ಸೆಲ್ಸಿಯಸ್ ನೀರು, ಸುಮಾರು 250 ಮಿಲಿಲೀಟರ್, 30 ಸೆಕೆಂಡು. ಆಮೇಲೆ ಇನ್ನೊಂದು ಕಿವಿಗೆ. ಮತ್ತೆ ಎರಡಕ್ಕೂ 30 ಡಿಗ್ರಿಯ ನೀರು. ದೇಹದ 37 ಡಿಗ್ರಿಗಿಂತ ಏಳು ಹೆಚ್ಚು, ಏಳು ಕಡಿಮೆ. ನೀರಿನ ಬದಲು ಗಾಳಿಯಾದರೆ 50 ಮತ್ತು 24 ಡಿಗ್ರಿ, ಒಂದು ನಿಮಿಷ. ಬಿಸಿ ತಗುಲಿದಾಗ ನಾಳದ ಆ ಬದಿಯ ದ್ರವ ಹಗುರಾಗಿ ಮೇಲೇಳುತ್ತದೆ, ತಲೆ ತಿರುಗಿತೆಂದು ನರಕ್ಕೆ ಸುಳ್ಳು ಸುದ್ದಿ ಹೋಗುತ್ತದೆ. ಬಿಸಿಗೆ ಕಣ್ಣು ಅದೇ ಕಿವಿಯ ಕಡೆಗೆ ಹೊಡೆಯುತ್ತದೆ, ತಣ್ಣಗಿನದಕ್ಕೆ ಎದುರು ಕಡೆಗೆ.

ಒಂದೂವರೆ ನಿಮಿಷದ ಹೊತ್ತಿಗೆ ಸುತ್ತು ತಾರಕಕ್ಕೇರಿ ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ನಿಮ್ಮನ್ನು ಮಾತಾಡಿಸುತ್ತಲೇ ಇರುತ್ತಾರೆ: 'ಅ'ದಿಂದ ಶುರುವಾಗುವ ಹೆಸರು ಹೇಳಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು. ಮನಸ್ಸು ಮಂಪರಾದರೆ ತುಯ್ತವೂ ತಗ್ಗುತ್ತದೆ, ಅದಕ್ಕೇ ಈ ಪ್ರಶ್ನೆಗಳು. ನಡುವೆ ಒಂದು ದೀಪ ಹಚ್ಚಿ ಅದನ್ನೇ ನೋಡಿ ಎನ್ನುತ್ತಾರೆ. ಆರೋಗ್ಯವಂತರಲ್ಲಿ ತುಯ್ತ ಆಗ ಅರ್ಧಕ್ಕಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಸಣ್ಣ ಮೆದುಳಿನ ಬಗ್ಗೆ ಯೋಚಿಸಬೇಕಾಗುತ್ತದೆ. ಎರಡು ಸರದಿಗಳ ನಡುವೆ ಐದು ನಿಮಿಷ ಬಿಡುವು ಬೇಕು.

ಕಿವಿತಮಟೆಯಲ್ಲಿ ತೂತಿದ್ದರೆ ನೀರು ಬಿಡಬಾರದು. ಗಾಳಿ ಬಳಸಿದರೂ ಎಚ್ಚರ: ಒಳಗೆ ತೇವವಿದ್ದರೆ ಬಿಸಿಗಾಳಿ ಅದನ್ನು ಆವಿ ಮಾಡಿ ತಂಪೇರಿಸುತ್ತದೆ, ಕಣ್ಣು ತಿರುವುಮುರುವು ಹೊಡೆಯುತ್ತದೆ.

ವರದಿಯಲ್ಲಿ 'ಕೆನಾಲ್ ಪರೇಸಿಸ್ 35%' ಎಂದಿದೆ. ಕಿವಿ 35% ಹಾಳಾಗಿದೆ ಎಂದೇ?

ಅಲ್ಲ. ಅದು ಎರಡು ಕಿವಿಗಳ ನಡುವಿನ ವ್ಯತ್ಯಾಸ. ಲೆಕ್ಕ ಹೀಗೆ (ಅಂಕಿಗಳು ಕಣ್ಣಿನ ಜಾರುವಿಕೆ, ಸೆಕೆಂಡಿಗೆ ಇಷ್ಟು ಡಿಗ್ರಿ ಎಂದು): ಬಲಗಿವಿ ಬಿಸಿಗೆ 12, ತಣ್ಣಗಿನದಕ್ಕೆ 10, ಒಟ್ಟು 22. ಎಡಗಿವಿ 24 ಮತ್ತು 22, ಒಟ್ಟು 46. ವ್ಯತ್ಯಾಸ 24, ನಾಲ್ಕರ ಮೊತ್ತ 68. 24ನ್ನು 68ರಿಂದ ಭಾಗಿಸಿದರೆ 35%, ಸೋತದ್ದು ಬಲಗಿವಿ. ಸಾಮಾನ್ಯವಾಗಿ 20ರಿಂದ 25%ಗಿಂತ ಮೇಲಿದ್ದರೆ ಅರ್ಥವಿದೆ ಎನ್ನುತ್ತಾರೆ. ನಿಖರ ಗೆರೆಯನ್ನು ಪ್ರತಿ ಲ್ಯಾಬೂ ತಾನೇ ಹಾಕಿಕೊಳ್ಳುತ್ತದೆ.

ಶೇಕಡಾವಾರನ್ನು ಮಾತ್ರ ನೋಡಿದರೆ ಮೋಸಹೋಗುತ್ತೀರಿ. ಬಲ 20 ಮತ್ತು 18, ಎಡ 21 ಮತ್ತು 7 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 15%, ಅಂದರೆ ನಾರ್ಮಲ್. ಆದರೆ ಬಿಸಿಗೆ 21 ಕೊಟ್ಟ ಕಿವಿ ತಣ್ಣಗಿನದಕ್ಕೆ 7 ಕೊಡುವುದು ಅನುಮಾನದ ವಿಷಯ. ಆ ಒಂದು ಸಲ ನೀರು ತಮಟೆಗೆ ತಲುಪದೆ ಕಿವಿಯ ಗೋಡೆಗೆ ಬಡಿದು ಹೊರಬಂದಿರುವುದೇ ಹೆಚ್ಚು ಸಂಭವ. ಆ ಸರದಿಯನ್ನು ಮತ್ತೊಮ್ಮೆ ಮಾಡಬೇಕು. ಇನ್ನೊಂದು ಬಲೆ: ಎರಡೂ ಕಿವಿ ಸಮವಾಗಿ ಸೋತಿದ್ದರೆ ವ್ಯತ್ಯಾಸ ಸೊನ್ನೆ! ಪ್ರತಿ ಕಿವಿಯ ಬಿಸಿ-ತಣ್ಣನೆಯ ಮೊತ್ತ ಸೆಕೆಂಡಿಗೆ 6 ಡಿಗ್ರಿಗಿಂತ ಕಡಿಮೆಯಿದ್ದರೆ ಎರಡೂ ಕಡೆಯ ಸೋಲು ಎಂದು ಪರಿಗಣಿಸುತ್ತಾರೆ. ಇಂಥವರಿಗೆ ಸಾಮಾನ್ಯವಾಗಿ ಸುತ್ತು ಇರುವುದಿಲ್ಲ. ಕತ್ತಲಲ್ಲಿ ತೂರಾಡುತ್ತಾರೆ, ನಡೆಯುವಾಗ ಎದುರಿನ ಬೋರ್ಡು ಕುಣಿಯುತ್ತದೆ. ಆದ್ದರಿಂದ ವರದಿಯಲ್ಲಿ ನಾಲ್ಕೂ ಅಂಕಿಗಳಿವೆಯೇ ಎಂದು ನೋಡಿ.

ವಿ-ಹಿಟ್‌ನಲ್ಲಿ ತಲೆಯನ್ನು ಯಾಕೆ ಝಾಡಿಸುತ್ತಾರೆ?

ಒಂದು ಮೀಟರ್ ಆಚೆಯ ಚುಕ್ಕೆಯನ್ನು ನೋಡುತ್ತಿರುವಾಗ, ಹಿಂದೆ ನಿಂತವರು ತಲೆಯನ್ನು ಎಡಕ್ಕೋ ಬಲಕ್ಕೋ ಬರೀ 10ರಿಂದ 20 ಡಿಗ್ರಿ, ಆದರೆ ಸೆಕೆಂಡಿಗೆ 150 ಡಿಗ್ರಿಗಿಂತ ಹೆಚ್ಚಿನ ವೇಗದಲ್ಲಿ ತಿರುಗಿಸುತ್ತಾರೆ. ಯಾವ ಕಡೆಗೆಂದು ನಿಮಗೆ ಮೊದಲೇ ಗೊತ್ತಾಗಬಾರದು. ಕಿವಿ ಸರಿಯಿದ್ದರೆ ನೋಟ ಚುಕ್ಕೆಗೇ ಅಂಟಿರುತ್ತದೆ. ಸೋತಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಚುಕ್ಕೆಗೆ ಹಾರಿ ಬರುತ್ತದೆ. ಹಾಲ್ಮಾಜಿ ಮತ್ತು ಕರ್ತಾಯ್ಸ್ 1988ರಲ್ಲಿ ಇದನ್ನು ಬರಿಗಣ್ಣಿನಿಂದ ನೋಡುವ ಪರೀಕ್ಷೆಯಾಗಿ ವಿವರಿಸಿದರು. ಕೆಲವರ ಕಣ್ಣು ತಲೆ ಇನ್ನೂ ತಿರುಗುತ್ತಿರುವಾಗಲೇ ಆ ಹಾರಿಕೆಯನ್ನು ಮುಗಿಸಿಬಿಡುತ್ತದೆ. ಅದು ಬರಿಗಣ್ಣಿಗೆ ಸಿಗದು, ಕ್ಯಾಮೆರಾಕ್ಕೆ ಸಿಗುತ್ತದೆ.

ಕಣ್ಣಿನ ವೇಗವನ್ನು ತಲೆಯ ವೇಗದಿಂದ ಭಾಗಿಸಿದ್ದೇ 'ಗೇನ್'. ಸರಿಯಾದದ್ದು 1ರ ಆಸುಪಾಸು. ಅಡ್ಡ ನಾಳಕ್ಕೆ 0.8ಕ್ಕಿಂತ, ಉಳಿದ ನಾಳಗಳಿಗೆ 0.7ಕ್ಕಿಂತ ಕೆಳಗೆ ಬಂದು, ಜೊತೆಗೆ ಹಾರಿಕೆಗಳೂ ಇದ್ದರೆ ದೋಷವಿದೆ ಎನ್ನಬಹುದು. ಕನ್ನಡಕದ ಪಟ್ಟಿ ಸಡಿಲವಾಗಿದ್ದರೆ, ತಿರುಗಿಸುವವರ ಬೆರಳು ಪಟ್ಟಿಗೆ ತಗುಲಿದರೆ ಗೇನ್ ಸುಳ್ಳಾಗುತ್ತದೆ. 1.3, 1.4ರಂಥ ಅಂಕಿ ಬಂದರೆ ಕಿವಿಯನ್ನು ಹೊಗಳುವ ಮೊದಲು ಪಟ್ಟಿಯನ್ನು ಬಿಗಿ ಮಾಡಿ. ಕುತ್ತಿಗೆ ಬಿಗಿಹಿಡಿದರೆ ವೇಗವೇ ಬರುವುದಿಲ್ಲ, ಹೆಗಲು ಸಡಿಲ ಬಿಡಿ.

ಕ್ಯಾಲೊರಿಕ್ ಕೆಟ್ಟಿದೆ, ವಿ-ಹಿಟ್ ಸರಿಯಿದೆ. ಯಾವುದನ್ನು ನಂಬಬೇಕು?

ಎರಡನ್ನೂ. ಅವು ಅಳೆದದ್ದು ಒಂದೇ ನಾಳವನ್ನು, ಆದರೆ ಬೇರೆ ಬೇರೆ ವೇಗಗಳಲ್ಲಿ. ಈ ಜೋಡಿ ಮೆನಿಯರ್ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ವಿರೋಧಾಭಾಸ ಎಂದು ತಳ್ಳಿಹಾಕದೆ ಅದನ್ನೇ ಒಂದು ಸುಳಿವೆಂದು ಓದಬೇಕು.

ವೆಂಪ್‌ನಲ್ಲಿ ಅಷ್ಟು ಜೋರಾದ ಸದ್ದು ಯಾಕೆ?

ಸ್ಯಾಕ್ಯುಲ್ ಮತ್ತು ಯುಟ್ರಿಕಲ್ ಜೋರು ಸದ್ದಿಗೂ ಸ್ಪಂದಿಸುತ್ತವೆ. 500 ಹರ್ಟ್ಜ್‌ನ ಸಣ್ಣ ಸಣ್ಣ ಟಕಟಕ ಸದ್ದನ್ನು ಸುಮಾರು 95 ಡೆಸಿಬೆಲ್‌ನಲ್ಲಿ ಕೇಳಿಸಿ, ಕುತ್ತಿಗೆಯ ಪಕ್ಕದ ಸ್ನಾಯುವಿನಲ್ಲಿ ಏಳುವ ಅಲೆಯನ್ನು ಎಲೆಕ್ಟ್ರೋಡಿನಿಂದ ಹಿಡಿಯುತ್ತಾರೆ. ಇದು ಸ್ಯಾಕ್ಯುಲ್ ಪರೀಕ್ಷೆ. 13 ಮತ್ತು 23 ಮಿಲಿಸೆಕೆಂಡಿನ ಹತ್ತಿರ ಅಲೆ ಬರುತ್ತದೆ. ಕಣ್ಣಿನ ಕೆಳಗೆ, ಎದುರು ಪಕ್ಕದಲ್ಲಿ, 10 ಮಿಲಿಸೆಕೆಂಡಿನ ಹತ್ತಿರ ಹಿಡಿಯುವುದು ಯುಟ್ರಿಕಲ್‌ಗೆ, ಆಗ ಮೇಲಕ್ಕೆ ನೋಡುತ್ತಿರಬೇಕು.

ಕುತ್ತಿಗೆಯ ಸ್ನಾಯು ಬಿಗಿಯಾಗಿರಬೇಕು. ಒಂದು ಕಡೆ ತಲೆಯನ್ನು ಚೆನ್ನಾಗಿ ಎತ್ತಿ, ಇನ್ನೊಂದು ಕಡೆಗೆ ಬರುವಷ್ಟರಲ್ಲಿ ದಣಿದು ಸಡಿಲಬಿಟ್ಟರೆ ಆ ಕಿವಿ ಸೋತಂತೆ ಕಾಣುತ್ತದೆ. ಸ್ನಾಯುವಿನ ಬಿಗಿಯನ್ನೂ ಜೊತೆಯಲ್ಲೇ ಅಳೆಯುವುದು ಅದಕ್ಕೇ. ನಡುಗಿವಿಯ ತೊಂದರೆಯಿದ್ದರೆ ಸದ್ದೇ ಒಳಗೆ ತಲುಪದೆ ಅಲೆ ಮಾಯವಾಗುತ್ತದೆ, ಆಗ ಮೂಳೆಗೆ ಕಂಪನ ಕೊಟ್ಟು ಮಾಡಬೇಕು. ಅರವತ್ತು ದಾಟಿದವರಲ್ಲಿ ಅಲೆ ಸಹಜವಾಗಿಯೇ ಕುಗ್ಗಿರುತ್ತದೆ. ಅಲೆ ವಿಪರೀತ ದೊಡ್ಡದಾಗಿದ್ದು, ಮೆಲುಸದ್ದಿಗೂ ಬರುತ್ತಿದ್ದರೆ ಮುಂದಿನ ನಾಳದ ಮೇಲಿನ ಮೂಳೆ ಬಿರಿದಿದೆಯೇ ಎಂದು ಸಿಟಿ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. ಸದ್ದು ಕೇಳಿದರೆ ಕಿವಿಗುಂಯ್ ಹೆಚ್ಚಾಗುವವರು ಮೊದಲೇ ತಿಳಿಸಿ.

ತಿರುಗುವ ಕುರ್ಚಿ, ಅಲುಗುವ ವೇದಿಕೆ?

ಕುರ್ಚಿ ಎರಡೂ ಕಿವಿಗಳನ್ನು ಒಟ್ಟಿಗೆ ಪರೀಕ್ಷಿಸುತ್ತದೆ. ಎರಡೂ ಕಡೆಯ ಸೋಲನ್ನು ಖಚಿತಪಡಿಸಲು, ಮಡಿಲಲ್ಲಿ ಕೂರಿಸಿಕೊಂಡು ಮಕ್ಕಳನ್ನು ಪರೀಕ್ಷಿಸಲು ಬಹಳ ಉಪಯುಕ್ತ. ವೇದಿಕೆ ನೀವು ನಿಲ್ಲಲು ಕಣ್ಣು, ಕಾಲು, ಕಿವಿಗಳಲ್ಲಿ ಯಾವುದನ್ನು ನೆಚ್ಚಿದ್ದೀರಿ ಎಂದು ಹೇಳುತ್ತದೆ, ರೋಗದ ಹೆಸರನ್ನಲ್ಲ.

ಎಲ್ಲಾ ನಾರ್ಮಲ್ ಬಂದಿದೆ, ತಲೆಸುತ್ತು ಮಾತ್ರ ನಿಂತಿಲ್ಲ. ನನ್ನ ಭ್ರಮೆಯೇ?

ಖಂಡಿತ ಅಲ್ಲ. ಮೈಗ್ರೇನ್‌ನಿಂದ ಬರುವ ತಲೆಸುತ್ತಿನಲ್ಲಿ ದಾಳಿಗಳ ನಡುವೆ ಪರೀಕ್ಷೆಗಳು ಬಹಳ ಸಲ ಸರಿಯಾಗಿಯೇ ಇರುತ್ತವೆ. ಬಿಪಿಪಿವಿ ಹರಳು ಆ ದಿನ ಜಾಗ ಬಿಟ್ಟು ಹೋಗಿರಬಹುದು. ತಿಂಗಳುಗಟ್ಟಲೆ ಕಾಡುವ ತೇಲಿದಂಥ ಅನುಭವಕ್ಕೆ ಪಿಪಿಪಿಡಿ ಎಂಬ ಸ್ಥಿತಿಯೂ ಕಾರಣವಿರಬಹುದು. ಅದನ್ನು ಲಕ್ಷಣಗಳಿಂದಲೇ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ಸುತ್ತು ಬಂದ ಹೊತ್ತಿನಲ್ಲಿ ಮನೆಯವರು ಬೆಳಕಿನಲ್ಲಿ ನಿಮ್ಮ ತೆರೆದ ಕಣ್ಣುಗಳನ್ನು ಹತ್ತಿರದಿಂದ ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿದರೆ ಲ್ಯಾಬ್‌ನಲ್ಲಿ ಸಿಗದ ಸಾಕ್ಷಿ ಕೆಲವೊಮ್ಮೆ ಅಲ್ಲಿ ಸಿಗುತ್ತದೆ.

ಈ ಪರೀಕ್ಷೆಗಳಿಗೆ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕಾದದ್ದು ಯಾವಾಗ?

ಸುತ್ತಿನ ಜೊತೆ ಮಾತು ತೊದಲುವುದು, ಒಂದೇ ವಸ್ತು ಎರಡಾಗಿ ಕಾಣುವುದು, ಮುಖ ಅಥವಾ ಕೈಕಾಲು ಜೋಮು ಹಿಡಿಯುವುದು, ಹಿಂದೆಂದೂ ಇರದ ಭಾರೀ ತಲೆನೋವು, ಆಸರೆಯಿಲ್ಲದೆ ನಿಲ್ಲಲೇ ಆಗದಿರುವುದು, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾಗುವುದು: ಇವುಗಳಲ್ಲಿ ಒಂದಿದ್ದರೂ ಆ ಕ್ಷಣವೇ ಹೊರಡಿ. ಬಿಡದೆ ಸುತ್ತುತ್ತಿರುವವರಲ್ಲಿ ತಲೆ ಝಾಡಿಸುವ ಪರೀಕ್ಷೆ 'ಸರಿಯಾಗಿ' ಬಂದರೆ ವೈದ್ಯರಿಗೆ ಆತಂಕ ಹೆಚ್ಚುತ್ತದೆ. ಕಿವಿ ಸರಿಯಿದ್ದೂ ಲೋಕ ತಿರುಗುತ್ತಿದೆ ಎಂದರೆ ಪಾರ್ಶ್ವವಾಯುವಿನ ಸಾಧ್ಯತೆಯಿದೆ. ಮೊದಲ ಒಂದೆರಡು ದಿನದ ಎಂಆರ್‌ಐ ಕೂಡ ಅದನ್ನು ತಪ್ಪಿಸಿಕೊಳ್ಳಬಹುದು, ಹಾಗಾಗಿ ಕಣ್ಣಿನ ಚಲನೆಗಳನ್ನು ಬಲ್ಲವರು ನೋಡುವುದು ಮುಖ್ಯ.

ಎಷ್ಟು ಹೊತ್ತು ಹಿಡಿಯುತ್ತದೆ? ಒಬ್ಬರೇ ಹೋಗಬಹುದೇ?

ಎಲ್ಲ ಸೇರಿ ಒಂದರಿಂದ ಎರಡು ಗಂಟೆ. ಜೊತೆಗೊಬ್ಬರು ಬರಲಿ. ಸುತ್ತು ನಿಮಿಷಗಳಲ್ಲೇ ಇಳಿದರೂ ವಾಕರಿಕೆ, ಮಂಕು ಕೆಲವು ಗಂಟೆ ಉಳಿಯಬಹುದು. ಆ ದಿನ ಗಾಡಿ ಓಡಿಸಬೇಡಿ.

ಆರು ತಿಂಗಳಾದ ಮೇಲೆ ಆರಾಮಾಗಿದ್ದೇನೆ, ಆದರೂ ಕ್ಯಾಲೊರಿಕ್ ಹಾಗೇ ಇದೆ. ಚಿಕಿತ್ಸೆ ಸೋತಿತೇ?

ಇಲ್ಲ. ನರದ ಉರಿಯೂತ ವಾಸಿಯಾದ ಮೇಲೂ ನಾಳದ ಶಕ್ತಿ ಮರಳದೇ ಇರಬಹುದು. ಮೆದುಳು ಉಳಿದ ಕಿವಿ, ಕಣ್ಣು, ಕಾಲುಗಳ ಸುದ್ದಿಯನ್ನು ಹೊಸದಾಗಿ ಹೊಂದಿಸಿಕೊಂಡಿರುತ್ತದೆ. ಅಂಥವರ ವಿ-ಹಿಟ್ ಗ್ರಾಫಿನಲ್ಲಿ ಚದುರಿದ್ದ ಹಾರಿಕೆಗಳು ಒಟ್ಟಾಗಿ, ಬೇಗ ಬೇಗ ಬರತೊಡಗಿರುವುದು ಕಾಣುತ್ತದೆ. ಲಕ್ಷಣ ಬದಲಾಗದೆ ಕ್ಯಾಲೊರಿಕ್ ಅನ್ನು ಮತ್ತೆ ಮತ್ತೆ ಮಾಡಿಸುವ ಅಗತ್ಯವಿಲ್ಲ. ಹೊಸದಾಗಿ ಸುತ್ತು ಶುರುವಾದರೆ, ಇಲ್ಲವೇ ಇನ್ನೊಂದು ಕಿವಿ ಮಂದವಾದರೆ, ಹಳೆಯ ವರದಿಯ ಪ್ರತಿ ಹಿಡಿದುಕೊಂಡು ಬನ್ನಿ. ಹೋಲಿಸಲು ಆ ನಾಲ್ಕು ಅಂಕಿಗಳು ಬೇಕಾಗುತ್ತವೆ.